ರಿಸರ್ವ್ ಬ್ಯಾಂಕಿನ ಇಂಗಾಲದ ಲೆಕ್ಕದಲ್ಲಿ ನಮ್ಮ ಮೂರು ತಾಲ್ಲೂಕುಗಳು

ಹವಾಮಾನ ಬದಲಾವಣೆ ಎಂಬುದು ಇಷ್ಟು ಕಾಲ ವಿಜ್ಞಾನಿಗಳ ಗೋಷ್ಠಿಗೂ ಅಂತಾರಾಷ್ಟ್ರೀಯ ಸಮಾವೇಶಗಳ ವೇದಿಕೆಗೂ ಸೇರಿದ ಮಾತಾಗಿತ್ತು. ಈಚಿನ ಕೆಲವು ವರ್ಷಗಳಲ್ಲಿ ಅದು ಬ್ಯಾಂಕುಗಳ ಖಾತೆ ಕಿರ್ದಿಯೊಳಕ್ಕೂ ಬಂದಿದೆ. 2024ರ ಫೆಬ್ರುವರಿ 28ರಂದು ಭಾರತೀಯ ರಿಸರ್ವ್ ಬ್ಯಾಂಕು ಹವಾಮಾನ ಸಂಬಂಧಿ ಆರ್ಥಿಕ ಅಪಾಯಗಳನ್ನು ಬಹಿರಂಗಪಡಿಸುವ ಕುರಿತು ಕರಡು ಚೌಕಟ್ಟೊಂದನ್ನು ಪ್ರಕಟಿಸಿತು. ಬರ, ನೆರೆ, ಬಿಸಿಲುಗಳಿಂದ ತಾನು ಕೊಟ್ಟ ಸಾಲಕ್ಕೆ ಎಷ್ಟು ಅಪಾಯವಿದೆ, ತನ್ನ ಸಾಲದಿಂದ ನಡೆಯುವ ಉದ್ಯಮಗಳು ಗಾಳಿಗೆ ಎಷ್ಟು ಇಂಗಾಲ ಸೇರಿಸುತ್ತವೆ ಎಂಬುದನ್ನು ಪ್ರತಿಯೊಂದು ದೊಡ್ಡ ಬ್ಯಾಂಕೂ ಲೆಕ್ಕ ಹಾಕಿ ಜನರ ಮುಂದಿಡಬೇಕು ಎಂಬುದು ಅದರ ತಿರುಳು. ಮುಂಬೈಯಲ್ಲಿ ಸಿದ್ಧವಾದ ಈ ಕಾಗದಕ್ಕೂ ಸಿಂಧನೂರಿನ ಭತ್ತದ ಗದ್ದೆಗೂ, ಮಸ್ಕಿಯ ತೊಗರಿ ಹೊಲಕ್ಕೂ ಏನು ಸಂಬಂಧವೆಂದು ಓದುಗರು ಕೇಳಬಹುದು. ಮುಂಗಾರಿನ ಬೆಳೆಸಾಲ ಯಾರಿಗೆ ಸಿಗುತ್ತದೆ, ಯಾರ ಅರ್ಜಿ ಮೇಜಿನ ಮೇಲೇ ಉಳಿಯುತ್ತದೆ ಎಂಬುದನ್ನು ಮುಂದಿನ ವರ್ಷಗಳಲ್ಲಿ ಇಂತಹ ಲೆಕ್ಕಗಳೇ ಬಹುಮಟ್ಟಿಗೆ ನಿರ್ಧರಿಸುವ ಸಂಭವವಿದೆ.

ಈ ದಾರಿಯಲ್ಲಿ ರಿಸರ್ವ್ ಬ್ಯಾಂಕು ಇಟ್ಟ ಹೆಜ್ಜೆಗಳನ್ನು ಸಂಕ್ಷೇಪವಾಗಿ ನೋಡೋಣ. ಹಣಕಾಸು ವ್ಯವಸ್ಥೆಯನ್ನು ಹಸಿರಾಗಿಸುವ ಉದ್ದೇಶದಿಂದ ಕೇಂದ್ರ ಬ್ಯಾಂಕುಗಳು 2017ರಲ್ಲಿ ಪ್ಯಾರಿಸಿನಲ್ಲಿ ಕಟ್ಟಿಕೊಂಡ ಜಾಗತಿಕ ಕೂಟವನ್ನು ಅದು 2021ರ ಏಪ್ರಿಲ್‌ನಲ್ಲಿ ಸೇರಿತು. ಗ್ಲಾಸ್ಗೋ ಹವಾಮಾನ ಸಮಾವೇಶ ನಡೆಯುತ್ತಿದ್ದಾಗ, ಅದೇ ವರ್ಷದ ನವೆಂಬರ್ 3ರಂದು, ತನ್ನ ಬದ್ಧತೆಯ ಹೇಳಿಕೆಯನ್ನು ಹೊರಡಿಸಿತು. 2022ರ ಜುಲೈನಲ್ಲಿ ಚರ್ಚಾ ಪತ್ರ ಬಂದಿತು. 2023ರ ಏಪ್ರಿಲ್‌ನಲ್ಲಿ ಹಸಿರು ಠೇವಣಿಗಳ ನಿಯಮ ಬಂದಿತು. ನಂತರ ಮೇಲೆ ಹೇಳಿದ ಕರಡು. 2024ರ ಅಕ್ಟೋಬರ್‌ನಲ್ಲಿ ಹವಾಮಾನ ಅಪಾಯಗಳ ಮಾಹಿತಿ ವ್ಯವಸ್ಥೆಯೊಂದನ್ನು ಕಟ್ಟುವುದಾಗಿ ಅಂದಿನ ಗವರ್ನರ್ ಶಕ್ತಿಕಾಂತ ದಾಸ್ ಪ್ರಕಟಿಸಿದರು. ಇದೇ ಗ್ಲಾಸ್ಗೋದಲ್ಲಿ ಭಾರತವು 2070ರ ವೇಳೆಗೆ ನಿವ್ವಳ ಶೂನ್ಯ ಹೊರಸೂಸುವಿಕೆಯ ಗುರಿಯನ್ನು ಸಾರಿತ್ತೆಂಬುದು ಓದುಗರಿಗೆ ನೆನಪಿರಬಹುದು.

ಇಂಗಾಲದ ಲೆಕ್ಕವೆಂದರೇನು ಎಂಬುದನ್ನು ಮೊದಲು ತಿಳಿಯಬೇಕು. ಲೆಕ್ಕಿಗರು ಇದನ್ನು ಮೂರು ವಲಯಗಳಾಗಿ ವಿಂಗಡಿಸುತ್ತಾರೆ. ಮಠವೊಂದರ ದಾಸೋಹವನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಅಡುಗೆಮನೆಯಲ್ಲಿ ಉರಿಯುವ ಕಟ್ಟಿಗೆ, ಗ್ಯಾಸು, ಜನರೇಟರಿನ ಡೀಸೆಲ್ ಮೊದಲನೆಯ ವಲಯ. ಜೆಸ್ಕಾಂನಿಂದ ಪಡೆದ ವಿದ್ಯುತ್ತಿಗಾಗಿ ಎಲ್ಲೋ ಉರಿದ ಕಲ್ಲಿದ್ದಲು ಎರಡನೆಯದು. ದಾಸೋಹಕ್ಕೆ ಬಂದ ಅಕ್ಕಿ ಬೆಳೆದ ಗದ್ದೆ, ಅದನ್ನು ತಂದ ಲಾರಿ, ಜಾತ್ರೆಗೆ ಭಕ್ತರು ಬಂದ ಟ್ರ್ಯಾಕ್ಟರು, ಟಂಟಂಗಳು ಮೂರನೆಯದು. ಮೊದಲ ಎರಡನ್ನು ಬಿಲ್ಲು ನೋಡಿ ಹೇಳಬಹುದು. ಮೂರನೆಯದು ಬಹುಮಟ್ಟಿಗೆ ಅಂದಾಜು. ಬ್ಯಾಂಕಿನ ಮಟ್ಟಿಗೆ ಮೊದಲ ಎರಡು ತೀರ ಅಲ್ಪ. ಸಿಂಧನೂರಿನ ಒಂದು ಶಾಖೆಯ ಹವಾನಿಯಂತ್ರಕ ಎಷ್ಟು ವಿದ್ಯುತ್ ಬಳಸೀತು? ಆದರೆ ಆ ಶಾಖೆ ಅಕ್ಕಿ ಗಿರಣಿಗೆ, ಟ್ರ್ಯಾಕ್ಟರಿಗೆ, ಭತ್ತದ ಬೆಳೆಗೆ ಕೊಟ್ಟ ಸಾಲವೆಲ್ಲ ಮೂರನೆಯ ವಲಯಕ್ಕೆ ಸೇರುತ್ತದೆ. ಕರಡು ಕೇಳುವುದು ಈ ಮೂರನ್ನೂ. ಆದ್ದರಿಂದ ಬ್ಯಾಂಕಿನ ಇಂಗಾಲದ ಲೆಕ್ಕವೆಂದರೆ ಕೊನೆಗೂ ಸಾಲಗಾರನ ಇಂಗಾಲದ ಲೆಕ್ಕವೇ.

ಹಾಗಾದರೆ ಕೇಳುವವರ ಮನೆಯ ಲೆಕ್ಕವೇನು? ಬ್ಯಾಂಕ್ ಆಫ್ ಇಂಗ್ಲೆಂಡ್ 2020ರ ಜೂನ್‌ನಲ್ಲಿ ತನ್ನ ಸ್ವಂತ ವರದಿಯನ್ನು ಪ್ರಕಟಿಸಿ, ಕಟ್ಟಡ ಹಾಗೂ ನೋಟುಗಳಿಂದಾಗುವ ಹೊರಸೂಸುವಿಕೆಯನ್ನೂ, ತನ್ನ ಬಳಿಯಿರುವ ಬಾಂಡುಗಳ ಹಿಂದಿನ ಇಂಗಾಲವನ್ನೂ ಅಂಕಿಗಳಲ್ಲಿ ಹೇಳಿತು. ಯುರೋಪಿನ ಕೇಂದ್ರ ಬ್ಯಾಂಕು 2023ರಲ್ಲಿ ತನ್ನ ಹೂಡಿಕೆಗಳ ಲೆಕ್ಕ ಕೊಟ್ಟಿತು. ನಮ್ಮ ರಿಸರ್ವ್ ಬ್ಯಾಂಕಿನ 2021ರ ಹೇಳಿಕೆಯಲ್ಲಿ ಮುಖ್ಯವಾಗಿ ಮೂರು ಮಾತುಗಳಿವೆ: ಬ್ಯಾಂಕುಗಳ ದೌರ್ಬಲ್ಯವನ್ನು ಹವಾಮಾನದ ನಾನಾ ಸನ್ನಿವೇಶಗಳಿಟ್ಟು ಪರೀಕ್ಷಿಸುವುದು, ಹಣಕಾಸು ಸ್ಥಿರತೆಯ ನಿಗಾವಣೆಯಲ್ಲಿ ಈ ಅಪಾಯಗಳನ್ನು ಸೇರಿಸುವುದು, ಅರಿವು ಮೂಡಿಸುವುದು. ಮೂರೂ ಇತರರನ್ನು ಕುರಿತವು. ತನ್ನ ಹೊರಸೂಸುವಿಕೆ ಇಷ್ಟು, ಇಂಥ ವರ್ಷದೊಳಗೆ ಇಷ್ಟಕ್ಕೆ ಇಳಿಸುವೆ ಎಂಬ ಅಂಕಿ ಅದರಲ್ಲಿಲ್ಲ. ಲೆಕ್ಕ ಕೇಳುವ ಅಧಿಕಾರವುಳ್ಳವರು ಮೊದಲು ತಮ್ಮ ಲೆಕ್ಕವನ್ನು ಬಿಚ್ಚಿಡುವುದು ಸೌಜನ್ಯವಷ್ಟೇ ಅಲ್ಲ, ಅದರಿಂದ ಲೆಕ್ಕದ ಕಷ್ಟವೂ ಕೇಳುವವರಿಗೆ ತಿಳಿಯುತ್ತದೆ.

ಈ ಸ್ವಂತ ಲೆಕ್ಕದಲ್ಲಿ ನಮ್ಮ ನೆಲಕ್ಕೂ ಪಾಲಿದೆ ಎಂಬುದು ಕುತೂಹಲದ ಸಂಗತಿ. ನೋಟಿನ ಕಾಗದ ಹತ್ತಿಯ ನಾರಿನಿಂದಾದುದು. ರಾಯಚೂರು ಹೇಳಿಕೇಳಿ ಹತ್ತಿಯ ಮಾರುಕಟ್ಟೆ. ನೋಟು ಮುದ್ರಣದ ಒಂದು ಕಾರ್ಯಾಗಾರ ಮೈಸೂರಿನಲ್ಲಿದೆ. ಕಾಗದದ ಗಿರಣಿಯೂ ಅಲ್ಲೇ. ಸವೆದ ನೋಟುಗಳನ್ನು ಚೂರು ಮಾಡಿ ಒತ್ತಿದ ಇಟ್ಟಿಗೆಗಳೇ ವರ್ಷಕ್ಕೆ ಸುಮಾರು 15,000 ಟನ್ ಆಗುತ್ತವೆ. ಅವನ್ನು ಸುಡುವ ಇಲ್ಲವೇ ನೆಲಕ್ಕೆ ಸುರಿಯುವ ಬದಲು ಹಲಗೆ ತಯಾರಿಕೆಗೆ ಬಳಸುವ ಪ್ರಯತ್ನವನ್ನು ಬ್ಯಾಂಕು ಕೈಗೊಂಡಿದೆ. ಇನ್ನು ಬಂಗಾರ. 2025ರ ಮಾರ್ಚ್ ಅಂತ್ಯಕ್ಕೆ ರಿಸರ್ವ್ ಬ್ಯಾಂಕಿನ ಬಳಿ ಸುಮಾರು 880 ಟನ್ ಬಂಗಾರವಿತ್ತು. ಲಿಂಗಸುಗೂರು ತಾಲ್ಲೂಕಿನ ಹಟ್ಟಿ ಗಣಿಯ ಈಚಿನ ವರ್ಷಗಳ ಉತ್ಪಾದನೆ ಎರಡು ಟನ್ನನ್ನೂ ಮುಟ್ಟುವುದಿಲ್ಲ. ಸಾವಿರಾರು ಅಡಿ ಆಳದಿಂದ ಕಲ್ಲು ಎತ್ತಿ, ಪುಡಿ ಮಾಡಿ, ಟನ್ನಿಗೆ ಕೆಲವೇ ಗ್ರಾಂ ತೆಗೆಯಲು ಎಷ್ಟು ವಿದ್ಯುತ್ ಬೇಕೆಂಬುದನ್ನು ಹಟ್ಟಿಯವರಿಗೆ ಬೇರೆ ಹೇಳಬೇಕಾಗಿಲ್ಲ. (ಮಸ್ಕಿಯಲ್ಲಿ ಅಶೋಕನ ಹೆಸರುಳ್ಳ ಶಾಸನವನ್ನು 1915ರಲ್ಲಿ ಕಂಡ ಬೀಡನ್ ಕೂಡ ಬಂಗಾರದ ಗಣಿಯ ಎಂಜಿನಿಯರನೇ. ಈ ಬಂಡೆಗಳಲ್ಲಿ ಬಂಗಾರ ಹುಡುಕುವವರು ಎಂದೂ ಕಡಿಮೆಯಾಗಿಲ್ಲ.)

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಈ ಕರಡು ಅನ್ವಯಿಸುವುದು ಷೆಡ್ಯೂಲ್ಡ್ ವಾಣಿಜ್ಯ ಬ್ಯಾಂಕುಗಳಿಗೆ, ನಬಾರ್ಡ್‌ನಂತಹ ಅಖಿಲ ಭಾರತ ಸಂಸ್ಥೆಗಳಿಗೆ, ದೊಡ್ಡ ಹಣಕಾಸು ಕಂಪನಿಗಳಿಗೆ, 10,000 ಕೋಟಿ ರೂಪಾಯಿಗೂ ಮಿಕ್ಕಿ ಠೇವಣಿಯಿರುವ ಪಟ್ಟಣ ಸಹಕಾರಿ ಬ್ಯಾಂಕುಗಳಿಗೆ. ಪ್ರಾದೇಶಿಕ ಗ್ರಾಮೀಣ ಬ್ಯಾಂಕುಗಳನ್ನು ಇದರಿಂದ ಹೊರಗಿಟ್ಟಿದ್ದಾರೆ. ಜಿಲ್ಲಾ ಸಹಕಾರಿ ಕೇಂದ್ರ ಬ್ಯಾಂಕುಗಳೂ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳೂ ಈ ಪಟ್ಟಿಯಲ್ಲಿಲ್ಲ. ನಮ್ಮ ಮೂರು ತಾಲ್ಲೂಕುಗಳ ಸಣ್ಣ ರೈತ ಸಾಲಕ್ಕಾಗಿ ಮೊದಲು ಹತ್ತುವ ಮೆಟ್ಟಿಲು ಯಾವುದು? ಹಿರಿಯರು ಇಂದಿಗೂ ತುಂಗಭದ್ರಾ ಗ್ರಾಮೀಣ ಬ್ಯಾಂಕೆಂದೇ ಕರೆಯುವ ಬ್ಯಾಂಕಿನದು. ಅದು ಪ್ರಗತಿಯಾಗಿ, ಪ್ರಗತಿ ಕೃಷ್ಣವಾಗಿ, ಕರ್ನಾಟಕ ಗ್ರಾಮೀಣ ಬ್ಯಾಂಕಾಗಿ, 2025ರ ಮೇ 1ರಿಂದ ಧಾರವಾಡದ ವಿಕಾಸ ಗ್ರಾಮೀಣ ಬ್ಯಾಂಕನ್ನೂ ಒಳಗೊಂಡು ಬಳ್ಳಾರಿಯಲ್ಲಿ ಕೇಂದ್ರ ಕಚೇರಿ ಹೊಂದಿದೆ. ಇಲ್ಲವಾದರೆ ಸೊಸೈಟಿಯ ಮೆಟ್ಟಿಲು. ಅಂದರೆ ಬರಕ್ಕೂ ನೆರೆಗೂ ಅತಿ ಹತ್ತಿರವಿರುವ ಸಾಲವೇ ಹವಾಮಾನದ ಲೆಕ್ಕದಲ್ಲಿ ಕಾಣುವುದಿಲ್ಲ.

ಚಿಕ್ಕ ಸಂಸ್ಥೆಗಳ ಮೇಲೆ ಕಾಗದದ ಹೊರೆ ಹೇರಬಾರದೆಂಬ ಕಾಳಜಿ ಇದರ ಹಿಂದಿರಬಹುದು. ಅದು ತಪ್ಪೆಂದು ಹೇಳಲಾಗದು. ಮೂರು ಜನ ಸಿಬ್ಬಂದಿಯ ಶಾಖೆಗೆ ಇಂಗಾಲದ ನಮೂನೆ ತುಂಬುವ ಕೆಲಸ ಬಿದ್ದರೆ ಸಾಲದ ಅರ್ಜಿಗಳು ಇನ್ನೂ ಹಿಂದೆ ಬೀಳುತ್ತವೆ. ಆದರೆ ಗ್ರಾಮೀಣ ಬ್ಯಾಂಕುಗಳು ವಿಲೀನಗೊಂಡು ರಾಜ್ಯಕ್ಕೊಂದಾಗಿರುವಾಗ ಅವನ್ನು ಇನ್ನೂ ಚಿಕ್ಕವೆಂದು ಕರೆಯುವುದು ಹೇಗೆ? ಶಾಖೆಗಳನ್ನು ಬಿಟ್ಟು ಕೇಂದ್ರ ಕಚೇರಿಯನ್ನೇ ಕೇಳಬಹುದಲ್ಲವೇ? ಲೆಕ್ಕದಲ್ಲಿ ಕಾಣದ ನಷ್ಟಕ್ಕೆ ಪರಿಹಾರದ ಹಣವನ್ನೂ ಯಾರೂ ತೆಗೆದಿಡುವುದಿಲ್ಲ ಎಂಬುದು ಆಡಿಟ್ ಕಂಡ ಯಾರಿಗಾದರೂ ಗೊತ್ತಿರುವ ಮಾತು.

ಇನ್ನು ಅಪಾಯವನ್ನು ಅಳೆಯುವ ಬಗೆ. ಚರ್ಚಾ ಪತ್ರವು ಎರಡು ಬಗೆಯ ಅಪಾಯಗಳನ್ನು ಹೇಳುತ್ತದೆ. ಬರ, ನೆರೆಗಳಿಂದ ನೇರವಾಗಿ ಆಗುವುದು ಭೌತಿಕ ಅಪಾಯ; ಕಲ್ಲಿದ್ದಲಿನಿಂದ ಸೌರಶಕ್ತಿಗೆ ದೇಶ ಹೊರಳುವಾಗ ಹಳೆಯ ಉದ್ಯಮಗಳಿಗೆ ಬೀಳುವ ಪೆಟ್ಟು ಪರಿವರ್ತನೆಯ ಅಪಾಯ. ಭೌತಿಕ ಅಪಾಯವನ್ನು ಅಳೆಯಲು ಜಿಲ್ಲಾವಾರು ಮಳೆ, ಉಷ್ಣತೆಗಳ ಪಟ್ಟಿ ಸಾಕೆಂದು ಯಾರಾದರೂ ಭಾವಿಸಿದರೆ ರಾಯಚೂರು ಜಿಲ್ಲೆಯಲ್ಲಿ ಆ ಲೆಕ್ಕ ಪೂರಾ ತಪ್ಪುತ್ತದೆ.

ಸಿಂಧನೂರಿನ ಮಳೆಯನ್ನಷ್ಟೇ ನೋಡಿದರೆ ಅದು ಒಣಭೂಮಿ. ಅಲ್ಲಿ ಭತ್ತವೇ ಬೆಳೆಯಬಾರದು. ಆದರೂ ಅದು ಭತ್ತದ ಕಣಜವಾದುದು ತುಂಗಭದ್ರಾ ಎಡದಂಡೆ ಕಾಲುವೆಯಿಂದ. ಅದರ ಭಾಗ್ಯ ನಿಂತಿರುವುದು ತನ್ನ ಮೇಲೆ ಬಿದ್ದ ಮಳೆಯ ಮೇಲಲ್ಲ, ಇನ್ನೂರು ಮೈಲಿ ಆಚೆಯ ಮಲೆನಾಡಿನ ಮಳೆಯ ಮೇಲೆ. ಸಿಂಧನೂರಿನಲ್ಲಿ ಒಳ್ಳೆ ಮಳೆಯಾಗಿಯೂ ಶಿವಮೊಗ್ಗ, ಚಿಕ್ಕಮಗಳೂರುಗಳಲ್ಲಿ ಆಗದಿದ್ದರೆ ಎರಡನೆಯ ಬೆಳೆಗೆ ನೀರಿಲ್ಲ. ಅದರ ಮೇಲೆ ಜಲಾಶಯದ ಸ್ಥಿತಿ. 133 ಟಿಎಂಸಿ ಅಡಿಯ ಸಾಮರ್ಥ್ಯ ಹೂಳಿನಿಂದ ಸುಮಾರು 105ಕ್ಕೆ ಇಳಿದಿದೆ. 2024ರ ಆಗಸ್ಟ್ 10ರ ರಾತ್ರಿ 19ನೆಯ ಕ್ರಸ್ಟ್ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋದಾಗ, ತುಂಬಿದ ಜಲಾಶಯದ ನೀರನ್ನು ಕಣ್ಣೆದುರೇ ಹೊರಬಿಡಬೇಕಾಯಿತು. ಅದು ಹವಾಮಾನದ ಕೋಪವಲ್ಲ, ಮುಪ್ಪಾದ ಕಬ್ಬಿಣ. ಎಲ್ಲವನ್ನೂ ಹವಾಮಾನದ ತಲೆಗೆ ಕಟ್ಟಿ ದುರಸ್ತಿಯ ಹೊಣೆಯಿಂದ ಜಾರಿಕೊಳ್ಳುವ ಅಭ್ಯಾಸಕ್ಕೆ ಈ ಹೊಸ ಲೆಕ್ಕಗಳು ನೆಪವಾಗಬಾರದು.

ಲಿಂಗಸುಗೂರಿನದು ಬೇರೆಯ ಕಥೆ. ಅದರ ಉತ್ತರದ ಅಂಚು ಕೃಷ್ಣೆ. ಮಹಾರಾಷ್ಟ್ರದ ಘಟ್ಟಗಳಲ್ಲಿ ಮಳೆ ಹೆಚ್ಚಾಗಿ ನಾರಾಯಣಪುರ ಜಲಾಶಯದಿಂದ ನೀರು ಬಿಟ್ಟರೆ ಶೀಲಹಳ್ಳಿಯ ಸೇತುವೆ ಮುಳುಗಿ ಯಳಗುಂದಿ, ಕಡದರಗಡ್ಡಿಗಳ ಜನ ಸುತ್ತುಬಳಸಿ ಊರು ಸೇರಬೇಕು. ಅದೇ ವಾರ ಅದೇ ತಾಲ್ಲೂಕಿನ ಮುದಗಲ್ಲಿನ ಕಡೆಯ ಮಸಾರಿ ಹೊಲದಲ್ಲಿ ಸಜ್ಜೆ, ತೊಗರಿ ಮಳೆಯಿಲ್ಲದೆ ಬಾಡುತ್ತಿರಬಹುದು. ಸರಾಸರಿ ತೆಗೆದರೆ ತಾಲ್ಲೂಕಿಗೆ ಏನೂ ಆಗಿಲ್ಲವೆಂದೇ ಬರುತ್ತದೆ! ಮಸ್ಕಿಯಂತೂ ಎರಡು ಕಾಲುವೆಗಳ ನಡುವೆ ಸಿಕ್ಕ ತಾಲ್ಲೂಕು. ಒಂದು ಭಾಗಕ್ಕೆ ತುಂಗಭದ್ರೆ, ಇನ್ನೊಂದಿಷ್ಟಕ್ಕೆ ಮಾರಲದಿನ್ನಿಯ ಮಸ್ಕಿ ನಾಲಾ, ಉಳಿದದ್ದಕ್ಕೆ ಆಕಾಶ. ನಾರಾಯಣಪುರ ಬಲದಂಡೆಯ 5ಎ ಕಾಲುವೆಗಾಗಿ ಪಾಮನಕಲ್ಲೂರಿನಲ್ಲಿ ರೈತರು ದೀರ್ಘಕಾಲ ಧರಣಿ ಕುಳಿತುದನ್ನು ನಾವೆಲ್ಲ ಕಂಡಿದ್ದೇವೆ. ಒಂದು ಮೈಲಿಯ ಅಂತರದಲ್ಲಿ ಅಪಾಯದ ಸ್ವರೂಪವೇ ಬದಲಾಗುವ ಇಂತಹ ಕಡೆ ಲೆಕ್ಕ ಹೋಬಳಿಗೆ, ಸಾಧ್ಯವಾದರೆ ಕಾಲುವೆಯ ತೂಬಿಗೆ ಇಳಿಯಬೇಕು.

ಇದಕ್ಕಾಗಿಯೇ ರಿಸರ್ವ್ ಬ್ಯಾಂಕಿನ ಮಾಹಿತಿ ವ್ಯವಸ್ಥೆ ಮುಖ್ಯವಾಗುತ್ತದೆ. ಅದರಲ್ಲಿ ಎರಡು ಭಾಗಗಳಿವೆಯೆಂದು ಪ್ರಕಟಣೆ ತಿಳಿಸಿತು. ಯಾವ ಮಾಹಿತಿ ಎಲ್ಲಿದೆ ಎಂಬ ಸೂಚಿಪಟ್ಟಿ ಎಲ್ಲರಿಗೂ ತೆರೆದಿರುತ್ತದೆ. ಸಂಸ್ಕರಿಸಿದ ಅಂಕಿಅಂಶಗಳ ಭಂಡಾರ ಮಾತ್ರ ರಿಸರ್ವ್ ಬ್ಯಾಂಕಿನ ನಿಯಂತ್ರಣದಲ್ಲಿರುವ ಸಂಸ್ಥೆಗಳಿಗಷ್ಟೇ. ನನಗೆ ಇಡೀ ಯೋಜನೆಯಲ್ಲಿ ಒಪ್ಪಿಗೆಯಾಗದ ಅಂಶ ಇದು. ತನ್ನ ಹೊಲ ಅಪಾಯದ ಯಾವ ದರ್ಜೆಯಲ್ಲಿದೆಯೆಂದು ಬ್ಯಾಂಕಿಗೆ ತಿಳಿದಿರುತ್ತದೆ, ಹೊಲದ ಒಡೆಯನಿಗೆ ತಿಳಿದಿರುವುದಿಲ್ಲ. ಪಹಣಿಯಲ್ಲಿ ತಪ್ಪಿದ್ದರೆ ತಹಶೀಲ್ದಾರರ ಕಚೇರಿಗೆ ಅರ್ಜಿ ಹಾಕಿ ತಿದ್ದಿಸಬಹುದು. ಅಪಾಯದ ನಕ್ಷೆಯಲ್ಲಿ ತನ್ನ ಊರು ತಪ್ಪಾಗಿ ಕೆಂಪಾಗಿದ್ದರೆ ತಿದ್ದಿಸಲು ಯಾರ ಬಳಿ ಹೋಗಬೇಕು?

ಕೆಂಪು ಬಣ್ಣದ ಪರಿಣಾಮವನ್ನು ಊಹಿಸುವುದು ಕಷ್ಟವಲ್ಲ. ವಾಣಿಜ್ಯ ಬ್ಯಾಂಕುಗಳು ತಮ್ಮ ಸಾಲದಲ್ಲಿ ನೂರಕ್ಕೆ 18 ಭಾಗ ಕೃಷಿಗೆ ಕೊಡಬೇಕೆಂಬ ನಿಯಮವಿದೆ. ಆದರೆ ಆ ಹದಿನೆಂಟನ್ನು ಎಲ್ಲಿ ಕೊಡಬೇಕೆಂಬುದು ಬಹುಮಟ್ಟಿಗೆ ಬ್ಯಾಂಕಿಗೆ ಬಿಟ್ಟದ್ದು. ಅಪಾಯ ಹೆಚ್ಚಿರುವಲ್ಲಿ ಕಡಿಮೆ ಕೊಟ್ಟು, ಭದ್ರವಾದ ನೀರಾವರಿಯಿರುವಲ್ಲಿ ಹೆಚ್ಚು ಕೊಟ್ಟರೂ ಗುರಿ ಮುಟ್ಟಿದಂತೆಯೇ. ಆಗ ಮಸ್ಕಿಯ ರೈತ ಹೋಗುವುದು ಬಡ್ಡಿ ವ್ಯಾಪಾರಿಯ ಬಳಿಗೆ, ಗೊಬ್ಬರದ ಅಂಗಡಿಯ ಉದ್ರಿಗೆ, ಇಲ್ಲವೇ ಮನೆಯ ಬಂಗಾರವನ್ನು ಅಡವಿಟ್ಟು ಸಾಲ ಕೊಡುವ ಕಂಪನಿಗೆ. ಸಿಂಧನೂರಿನಲ್ಲಿ ಲೀಜಿಗೆ ಹೊಲ ಮಾಡುವವರು ಬಹಳ. ಪಹಣಿ ಅವರ ಹೆಸರಿನಲ್ಲಿಲ್ಲದ ಕಾರಣ ಅವರಿಗೆ ಈಗಲೇ ಬ್ಯಾಂಕಿನ ಬಾಗಿಲು ಅರ್ಧ ಮುಚ್ಚಿದೆ.

ಇದಕ್ಕೆ ಉಪಾಯವಿಲ್ಲವೆಂದಲ್ಲ, ಉಪಾಯ ರಿಸರ್ವ್ ಬ್ಯಾಂಕಿನ ಕೈಯಲ್ಲೇ ಇದೆ. ತಲಾ ಆದ್ಯತಾ ಸಾಲ ತೀರ ಕಡಿಮೆಯಿರುವ ಜಿಲ್ಲೆಗಳಲ್ಲಿ ಕೊಟ್ಟ ಹೊಸ ಆದ್ಯತಾ ಸಾಲದ ನೂರು ರೂಪಾಯಿಯನ್ನು 125 ಎಂದು ಎಣಿಸುವ ಪದ್ಧತಿಯನ್ನು ಅದು ಕೆಲವು ವರ್ಷಗಳಿಂದ ನಡೆಸಿಕೊಂಡು ಬಂದಿದೆ. ಹವಾಮಾನದ ಅಪಾಯ ಹೆಚ್ಚಿರುವ ತಾಲ್ಲೂಕುಗಳ ಸಣ್ಣ ರೈತರ ಸಾಲಕ್ಕೂ ಇದೇ ಹೆಚ್ಚಿನ ತೂಕ ಕೊಟ್ಟರೆ, ಯಾವ ನಕ್ಷೆ ಬ್ಯಾಂಕನ್ನು ದೂರ ಓಡಿಸುತ್ತಿತ್ತೋ ಅದೇ ನಕ್ಷೆ ಹತ್ತಿರ ಕರೆತರುತ್ತದೆ. ನೈಸರ್ಗಿಕ ವಿಕೋಪದ ಪರಿಹಾರ ಕುರಿತ 2018ರ ನಿರ್ದೇಶನದಲ್ಲಿ ಹೀಗಿತ್ತು: ಬೆಳೆ ನಷ್ಟ ಶೇ 33 ದಾಟಿದರೆ ಸಾಲದ ಮರುಪಾವತಿಗೆ ಎರಡು ವರ್ಷದವರೆಗೆ, ಶೇ 50 ದಾಟಿದರೆ ಐದು ವರ್ಷದವರೆಗೆ ಅವಧಿ ವಿಸ್ತರಿಸಲು ಅವಕಾಶ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. 18,171 ಕೋಟಿ ರೂಪಾಯಿ ಕೇಳಿದ ರಾಜ್ಯ ಸರ್ಕಾರ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದ ಮೇಲೆ 2024ರ ಏಪ್ರಿಲ್‌ನಲ್ಲಿ ಸುಮಾರು 3,454 ಕೋಟಿ ಬಿಡುಗಡೆಯಾಯಿತು. ಅಂತಹ ವರ್ಷ ಯಾವ ಬ್ಯಾಂಕು ಎಷ್ಟು ಸಾಲಗಳ ಅವಧಿ ವಿಸ್ತರಿಸಿತು ಎಂಬ ಒಂದು ಸಾಲು ಹವಾಮಾನ ವರದಿಯಲ್ಲಿ ಕಡ್ಡಾಯವಾದರೆ, ಹತ್ತು ಪುಟಗಳ ನೀತಿ ಘೋಷಣೆಗಿಂತ ಅದು ಹೆಚ್ಚು ಹೇಳುತ್ತದೆ.

ಭತ್ತದ ಮಾತು ಬಿಟ್ಟರೆ ಈ ವಿಶ್ಲೇಷಣೆ ಪ್ರಾಮಾಣಿಕವಾಗದು. ನೀರು ನಿಂತ ಗದ್ದೆಯ ಕೆಸರಿನಲ್ಲಿ ಮೀಥೇನ್ ಹುಟ್ಟುತ್ತದೆ. ನೂರು ವರ್ಷಗಳ ಲೆಕ್ಕದಲ್ಲಿ ಅದು ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಶಾಖ ಹಿಡಿಯುತ್ತದೆ. ಮೂರನೆಯ ವಲಯದ ಲೆಕ್ಕ ಕಟ್ಟುನಿಟ್ಟಾದರೆ ಸಿಂಧನೂರಿನ ಭತ್ತದ ಸಾಲ ಬ್ಯಾಂಕಿನ ಪುಸ್ತಕದಲ್ಲಿ ಕಳಂಕವಾಗಿ ಕಾಣಬಹುದು. ಇದು ಅನ್ಯಾಯವೇ? ಅರ್ಧ ಮಾತ್ರ. ಶಕ್ತಿನಗರದ 1,720 ಮೆಗಾವ್ಯಾಟ್, ಯರಮರಸಿನ 1,600 ಮೆಗಾವ್ಯಾಟ್ ಕಲ್ಲಿದ್ದಲು ಸ್ಥಾವರಗಳು ಇದೇ ಜಿಲ್ಲೆಯಲ್ಲಿವೆ. ಅವುಗಳ ಬೆಳಕು ಬೆಂಗಳೂರಿಗೆ, ಬೂದಿ ರಾಯಚೂರಿಗೆ. ಅಂತಹ ಸ್ಥಾವರಗಳಿಗೆ ಸಾಲ ಕೊಟ್ಟವರ ಲೆಕ್ಕ ಮೊದಲು ಬರಲಿ, ಎರಡೆಕರೆ ಭತ್ತದವನದು ಆಮೇಲೆ ಬರಲಿ ಎಂದು ಕೇಳುವುದು ನ್ಯಾಯ. ಊಟಕ್ಕಾಗಿ ಬೆಳೆದ ಅನಿಲವನ್ನೂ ವಿಲಾಸಕ್ಕಾಗಿ ಉರಿಸಿದ ಅನಿಲವನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು.

ಇನ್ನರ್ಧ ಮಾತು ನಮ್ಮವರು ಕೇಳಬೇಕಾದದ್ದು. ಎಡದಂಡೆ ಕಾಲುವೆಯನ್ನು ರೂಪಿಸಿದ್ದು ಬಹುಪಾಲು ಜೋಳ, ಹತ್ತಿ, ಶೇಂಗಾದಂತಹ ಕಡಿಮೆ ನೀರಿನ ಬೆಳೆಗಳಿಗಾಗಿ. ಮೇಲ್ಭಾಗದವರು ಭತ್ತಕ್ಕೆ ತಿರುಗಿದ್ದರಿಂದ ಮಾನ್ವಿ, ಸಿರವಾರ, ರಾಯಚೂರುಗಳ ಕೊನೆಭಾಗದ ರೈತರು ದಶಕಗಳಿಂದ ನೀರಿಗಾಗಿ ರಸ್ತೆ ತಡೆ ಮಾಡುತ್ತಿದ್ದಾರೆ; ಮೇಲ್ಭಾಗದಲ್ಲಿ ನೀರು ಹೆಚ್ಚಾಗಿ ನೆಲ ಸವಳು ಜವಳಾಗಿದೆ. ನಾಟಿಯ ಬದಲು ಕೂರಿಗೆಯಲ್ಲಿ ನೇರ ಬಿತ್ತನೆ, ಗದ್ದೆಯನ್ನು ಆಗಾಗ ಒಣಗಲು ಬಿಟ್ಟು ನೀರು ಹಾಯಿಸುವುದು, ಇವುಗಳಿಂದ ನೀರೂ ಉಳಿಯುತ್ತದೆ, ಮೀಥೇನೂ ಇಳಿಯುತ್ತದೆ. ರಾಯಚೂರಿನ ಕೃಷಿ ವಿಶ್ವವಿದ್ಯಾಲಯ ನೇರ ಬಿತ್ತನೆಯನ್ನು ಈ ಭಾಗದಲ್ಲಿ ಪ್ರಚಾರ ಮಾಡಿದೆ; ನೀರು ತಡವಾಗಿ ಮುಟ್ಟುವ ಕಡೆ ರೈತರು ಅದನ್ನು ಹಿಡಿದಿದ್ದಾರೆ. ಕಳೆಯ ಕಾಟ ಹೆಚ್ಚೆಂಬ ದೂರು ನಿಜ. ಆ ಕಳೆಯ ಖರ್ಚಿಗೆ ಬಡ್ಡಿಯಲ್ಲಿ ಒಂದಿಷ್ಟು ರಿಯಾಯಿತಿ ಕೊಟ್ಟರೆ, ಬ್ಯಾಂಕಿನ ಲೆಕ್ಕದಲ್ಲಿ ಇಂಗಾಲ ಇಳಿಯುವುದರ ಜೊತೆಗೆ ಕಾಲುವೆಯ ಕೊನೆಗೆ ನೀರು ಹೆಚ್ಚು ಮುಟ್ಟುತ್ತದೆ. ಹಸಿರು ಹಣಕಾಸು ಎಂಬ ದೊಡ್ಡ ಮಾತಿಗೆ ನಮ್ಮ ಕಡೆ ಇದಕ್ಕಿಂತ ಸರಳವಾದ ಅರ್ಥ ನನಗೆ ತೋಚುವುದಿಲ್ಲ.

ಹಣ ಎಲ್ಲಿಂದ ಬರಬೇಕು? ಹಸಿರು ಠೇವಣಿಯ ನಿಯಮ 2023ರ ಜೂನ್ 1ರಿಂದ ಜಾರಿಯಲ್ಲಿದೆ. ಇಂತಹ ಠೇವಣಿಯ ಹಣವನ್ನು ಸೌರಶಕ್ತಿ, ನೀರಿನ ನಿರ್ವಹಣೆ, ಹವಾಮಾನಕ್ಕೆ ಹೊಂದಿಕೊಳ್ಳುವ ಕೆಲಸ ಮೊದಲಾದವುಗಳಿಗೇ ಬಳಸಬೇಕು, ಬಳಸಿದ್ದನ್ನು ಹೊರಗಿನವರಿಂದ ಪರಿಶೀಲನೆ ಮಾಡಿಸಬೇಕು. ಠೇವಣಿದಾರನಿಗೆ ಹೆಚ್ಚಿನ ಬಡ್ಡಿಯೇನೂ ಇಲ್ಲ. ಬ್ಯಾಂಕುಗಳಿಗೆ ಇದು ಕಡ್ಡಾಯವೂ ಅಲ್ಲ. ಆದರೆ ಮಠಗಳು, ವಿದ್ಯಾಸಂಸ್ಥೆಗಳು, ಪತ್ತಿನ ಸಂಘಗಳು ಪ್ರತಿ ವರ್ಷ ಠೇವಣಿ ನವೀಕರಿಸುತ್ತವೆ. ಆ ಹೊತ್ತಿನಲ್ಲಿ, ಈ ಹಣ ನಮ್ಮ ಜಿಲ್ಲೆಯಲ್ಲಿ ಯಾವ ಕೆಲಸಕ್ಕೆ ಹೋಗುತ್ತದೆ ಎಂದು ವ್ಯವಸ್ಥಾಪಕರನ್ನು ಕೇಳಲು ಯಾವ ಅಡ್ಡಿಯೂ ಇಲ್ಲ.

ತಾಲ್ಲೂಕು ಮಟ್ಟದಲ್ಲಿ ಬ್ಯಾಂಕುಗಳ ಸಮಿತಿ ಸಭೆ ಸೇರುತ್ತದೆ. ಜಿಲ್ಲಾ ಮಟ್ಟದಲ್ಲಿ ಲೀಡ್ ಬ್ಯಾಂಕಿನ ಸಲಹಾ ಸಮಿತಿಯಿದೆ. ನಮ್ಮ ರೈತ ಸಂಘಗಳು, ಸೊಸೈಟಿಗಳ ಆಡಳಿತ ಮಂಡಳಿಗಳು ಅಲ್ಲಿ ಬೆಳೆಸಾಲದ ಗುರಿಯನ್ನು ಕೇಳುವುದುಂಟು. ಇನ್ನು ಮುಂದೆ ಇನ್ನೆರಡು ಪ್ರಶ್ನೆಗಳನ್ನು ಬರವಣಿಗೆಯಲ್ಲಿ ಕೊಡಬೇಕು. ಬರದ ವರ್ಷ ನಿಮ್ಮ ಶಾಖೆ ಎಷ್ಟು ಸಾಲಗಳ ಅವಧಿ ವಿಸ್ತರಿಸಿತು, ಮತ್ತು ಅಪಾಯದ ನಕ್ಷೆಯಲ್ಲಿ ನಮ್ಮ ಹೋಬಳಿಯ ಬಣ್ಣ ಯಾವುದು. ಮೊದಲನೆಯದಕ್ಕೆ ಉತ್ತರ ಶಾಖೆಯ ಪುಸ್ತಕದಲ್ಲೇ ಇದೆ. ಎರಡನೆಯದಕ್ಕೆ ವ್ಯವಸ್ಥಾಪಕರು ಮೇಲಿನವರಿಗೆ ಬರೆಯಬೇಕಾಗುತ್ತದೆ. ಆ ಪತ್ರ ಬಳ್ಳಾರಿಗೂ ಅಲ್ಲಿಂದ ಮುಂಬೈಗೂ ಹೋಗುವಷ್ಟು ಸಲ ಕೇಳಬೇಕು.